ಶನಿವಾರ ನೋಯದ ಕಾಲು

ಮುಂಬಯಿಯ ಪೂರ್ವ ಉಪನಗರದ ಒಂದು ಚಾಳು. ಪಾಲಿಕೆಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುವ 9 ವರ್ಷದ ಹುಡುಗಿ. ಇಲ್ಲಿ ಅವಳನ್ನು ಪುಟ್ಟಿ ಎನ್ನೋಣ. ಗುರುತು ಸಿಗಬಾರದೆಂದು ಚಾಳಿನ ಮತ್ತು ಶಾಲೆಯ ಹೆಸರು ಬಿಟ್ಟಿದೆ, ಮನೆಯ ಕೆಲವು ವಿವರ ಬದಲಿಸಿದೆ. ದಾರಿಯ ಅಳತೆ, ಹೊತ್ತು, ಒಂದರ ಹಿಂದೊಂದು ನಡೆದದ್ದು ಇದ್ದಂತೆಯೇ ಇವೆ.

ಅಪ್ಪ ಗೌಂಡಿ, ಅವ್ವ ಮೂರು ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುತ್ತಾಳೆ. ಇಬ್ಬರೂ ವಿಜಯಪುರ ಜಿಲ್ಲೆಯವರು. ಶಾಲೆ ಮಧ್ಯಾಹ್ನದ ಪಾಳಿಯದು, ಬಿಡುವುದು ಸಂಜೆ 6ಕ್ಕೆ. ಶನಿವಾರ ಮಾತ್ರ ಬಿಸಿಲಿರುವಾಗಲೇ ಬಿಡುತ್ತಾರೆ. ಅವ್ವ ಮನೆ ಮುಟ್ಟುವ ಹೊತ್ತಿಗೆ ಏಳೂಕಾಲು. ಅಲ್ಲಿಯವರೆಗೆ ಕೀಲಿಕೈ ಪಕ್ಕದ ಖೋಲಿಯ ಮುದುಕಿಯ ಹತ್ತಿರ. ಅವರೂ ಅದೇ ಸೀಮೆಯವರು, ಪುಟ್ಟಿ ಅವರನ್ನು ಆಯಿ ಎಂದು ಕರೆಯುತ್ತಾಳೆ.

ಈ ‘ಆಯಿ’ ಎಂಬ ಮಾತಿನಿಂದಲೇ ಒಂದು ಅನಾಹುತ ಶುರುವಾಗಿತ್ತು. ವರ್ಷದ ಮೊದಲಿಗೆ ಶಾಲೆಯ ವಾಚ್‌ಮನ್ ಮಕ್ಕಳನ್ನೆಲ್ಲ ಮರಾಠಿಯಲ್ಲಿ ವಿಚಾರಿಸಿ, ಯಾರನ್ನು ಯಾರು ಎದುರುಗೊಳ್ಳುತ್ತಾರೆ ಎಂದು ಪಟ್ಟಿ ಮಾಡಿದ್ದ. ಪುಟ್ಟಿ ಆಯಿ ಇದ್ದಾಳೆ ಎಂದಳು. ವಿಜಯಪುರದ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಪಟ್ಟಿಯಲ್ಲಿ ತಾಯಿ ಎಂದು ಬಿತ್ತು. ಹುಡುಗಿ ಒಬ್ಬಳೇ ನಡೆದು ಹೋಗುತ್ತಾಳೆಂಬುದು ಡಿಸೆಂಬರ್ ತನಕ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೂರು

ದೀಪಾವಳಿ ರಜೆ ಮುಗಿಸಿ ಶಾಲೆ ತೆರೆದ ಎರಡನೆಯ ವಾರದಿಂದ ಪುಟ್ಟಿ ರಾತ್ರಿ ಊಟದ ಹೊತ್ತಿಗೆ ಒಂದೇ ಮಾತು ಹೇಳತೊಡಗಿದಳು: “ಅವ್ವಾ, ಕಾಲು ಭಾಳ ನೋಯಾಕತ್ತಾವ.” ಅವ್ವ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಮರುದಿನ ಮತ್ತೆ ಅದೇ ಮಾತು, ಜೊತೆಗೆ ಬ್ಯಾಗ್ ಭಾರ ಎಂಬುದೂ ಸೇರಿತು. ಮೂರನೆಯ ವಾರಕ್ಕೆ, ನಡೆಯಲಾರೆ, ರಿಕ್ಷಾ ಮಾಡಿ ಎಂಬ ಹಟ ಬಂತು.

ತಂದೆತಾಯಿಗೆ ಅನುಮಾನ ಬರಲು ಕಾರಣವಿತ್ತು. ಭಾನುವಾರ ಇಡೀ ದಿನ ಚಾಳಿನ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಾಳೆ, ಆಗ ಕಾಲು ನೋಯುವುದಿಲ್ಲ. ಶನಿವಾರ ಅದೇ ಶಾಲೆಯಿಂದ ಅದೇ ಬ್ಯಾಗ್ ಹೊತ್ತು ನಡೆದು ಬರುತ್ತಾಳೆ, ಆಗಲೂ ಇಲ್ಲ. ಒಂದು ರಾತ್ರಿ ಅಪ್ಪ ಸಿಟ್ಟಿನಲ್ಲಿ ಅಂದ: “ನಡ್ಯಾಕ ಆಗಂಗಿಲ್ಲಂದ್ರ ಊರಿಗಿ ಹೋಗಿ ಇರು, ಇಲ್ಲಿ ಸಾಲಿ ಬ್ಯಾಡ.” ದಣಿದು ಬಂದವನ ಬಾಯಿಂದ ಬಂದ ಮಾತು, ಕಳಿಸುವ ಇರಾದೆ ಅವನಿಗೆ ಖಂಡಿತ ಇರಲಿಲ್ಲ. ಆದರೆ ಪುಟ್ಟಿ ಅದನ್ನು ನಂಬಿದಳು. ಅಂದಿನಿಂದ ಕಾಲು ಮತ್ತು ಬ್ಯಾಗ್ ಬಿಟ್ಟು ದಾರಿಯ ಬಗ್ಗೆ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ. ಮುಂದಿನ ಮೂರು ವಾರ ಎಲ್ಲರೂ ಕತ್ತಲಲ್ಲಿ ತಡಕಾಡಿದ್ದಕ್ಕೆ ಈ ಒಂದು ಬೈಗುಳವೇ ದೊಡ್ಡ ಕಾರಣ.

ಮೊದಲು ಮಾಡಿ ನೋಡಿದ್ದು

ಪಾಲಿಕೆಯ ದವಾಖಾನೆಯ ಡಾಕ್ಟರ್ ಕಾಲು ನೋಡಿದರು. ಈ ವಯಸ್ಸಿನಲ್ಲಿ ಸಂಜೆ, ರಾತ್ರಿ ಎರಡೂ ಕಾಲು ನೋಯುವುದು, ಬೆಳಗಾದರೆ ಏನೂ ಇಲ್ಲದಿರುವುದು ಸಾಮಾನ್ಯ. ಹೆದರಬೇಕಾದ ಗುರುತುಗಳು ಬೇರೆ: ಒಂದೇ ಕಾಲಿನ ಒಂದೇ ಜಾಗ ನೋಯುವುದು, ಕುಂಟು, ಬೆಳಗ್ಗೆ ಎದ್ದಾಗ ಕೀಲು ಬಿಗಿತ, ಬಾವು, ಜ್ವರ, ತೂಕ ಇಳಿಯುವುದು. ಇವು ಯಾವುವೂ ಇರಲಿಲ್ಲ. ಮೀನಖಂಡ ಒತ್ತಿದಾಗ ಮಾತ್ರ ನಿಜವಾಗಿಯೂ ನೋವಿತ್ತು. ಈ ಮಗು ದಿನಕ್ಕೆ ಎಷ್ಟು ನಡೆಯುತ್ತದೆ ಎಂದು ಡಾಕ್ಟರ್ ಕೇಳಿದಾಗ ಅವ್ವ “15 ಮಿನಿಟಿನ ದಾರಿ” ಎಂದಳು. ಅವಳಿಗೆ ಗೊತ್ತಿದ್ದ ದಾರಿ ಅಷ್ಟೇ ಇತ್ತು.

ಆ ಹೊತ್ತಿಗೆ ಕ್ಲಾಸ್ ಟೀಚರ್ ವಿಷಯವನ್ನು ಶಾಲೆಗೆ ಬರುವ ಸಮಾಲೋಚಕಿಗೆ ಮುಟ್ಟಿಸಿದ್ದರು. ಅವರು ಮೊದಲು ಹಿಡಿದದ್ದು ಬ್ಯಾಗು. ಮೂಲೆಯ ರದ್ದಿ ಅಂಗಡಿಯ ತಕ್ಕಡಿಗೆ ಹಾಕಿದರೆ 4.3 ಕಿಲೊ. ಪುಟ್ಟಿಯ ತೂಕ 24 ಕಿಲೊ. ಬ್ಯಾಗ್ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಎಂಬುದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ. ಮೂರರಿಂದ ಐದನೆಯ ತರಗತಿಗೆ 1.7ರಿಂದ 2.5 ಕಿಲೊ ಎಂದು ಅದರಲ್ಲಿ ಲೆಕ್ಕವನ್ನೂ ಕೊಟ್ಟಿದೆ. ಬಿಚ್ಚಿ ನೋಡಿದರೆ 1 ಲೀಟರ್ ನೀರಿನ ಬಾಟ್ಲಿ, ಮನೆಗೆ ಹೋಗುವಾಗಲೂ ಮುಕ್ಕಾಲು ತುಂಬಿದ್ದು. 200 ಪುಟದ ನಾಲ್ಕು ನೋಟ್‌ಬುಕ್ಕು, ಅಂದಿನ ವೇಳಾಪಟ್ಟಿಯಲ್ಲಿ ಇಲ್ಲದ ಎರಡು ಪಠ್ಯಪುಸ್ತಕ, ಸ್ಟೀಲ್ ಡಬ್ಬಿ. ಅರ್ಧ ಲೀಟರಿನ ಬಾಟ್ಲಿ, 100 ಪುಟದ ನೋಟ್‌ಬುಕ್ಕು, ಎರಡು ಪುಸ್ತಕ ಶಾಲೆಯ ಕಪಾಟಿನಲ್ಲಿ, ಮನೆಗೆ ಹೊರಡುವ ಮೊದಲು ಉಳಿದ ನೀರು ಚೆಲ್ಲುವುದು. ಇಷ್ಟರಿಂದ ತೂಕ 2.3 ಕಿಲೊಗೆ ಇಳಿಯಿತು.

ಆಮೇಲೆ ಬೂಟು. ಕಳೆದ ವರ್ಷದ್ದು. ಮಗುವನ್ನು ನಿಲ್ಲಿಸಿ, ಉದ್ದನೆಯ ಬೆರಳಿನ ಮುಂದೆ ದೊಡ್ಡವರ ಹೆಬ್ಬೆರಳಗಲ ಜಾಗ ಇದೆಯೇ ಎಂದು ಒತ್ತಿ ನೋಡಬೇಕು. ಸಂಜೆ ಪಾದ ತುಸು ಊದಿಕೊಂಡಿರುವುದರಿಂದ ಆಗಲೇ ನೋಡುವುದು ಸರಿ. ಇಲ್ಲಿ ಒಂದು ಬೆರಳ ಅಂಚಿನಷ್ಟೂ ಜಾಗ ಇರಲಿಲ್ಲ. ಹೊಸ ಬೂಟು ಬಂತು.

ಮೂರು ದಿನ ದೂರು ಅರ್ಧಕ್ಕರ್ಧ ಇಳಿಯಿತು. ಅವ್ವ ಸಮಾಧಾನಪಟ್ಟಳು, ಟೀಚರ್ ಡೈರಿಯಲ್ಲಿ ‘ಪರಿಹಾರವಾಗಿದೆ’ ಎಂದು ಬರೆದರು. ಇಲ್ಲೇ ಎಡವಿದ್ದು. ನೋವಿಗೆ ಎರಡು ಬೇರಿದ್ದು ಒಂದನ್ನು ಕಿತ್ತರೆ ಸ್ವಲ್ಪ ಆರಾಮ ಆಗಿಯೇ ಆಗುತ್ತದೆ. ಆ ಆರಾಮವನ್ನೇ ಗುಣವೆಂದುಕೊಂಡು ಎಲ್ಲರೂ ಕೈಬಿಟ್ಟರು. ಐದನೆಯ ದಿನ ಮತ್ತೆ ಕಾಲು ನೋವು, ಮತ್ತೆ ರಿಕ್ಷಾ.

ಆಯಿಯ ಸಾಕ್ಷಿ

ಹುಡುಗಿ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ತಿಳಿದಿದ್ದವರು ಆಯಿ ಒಬ್ಬರೇ. “ಮೊದಲ ದೀಪಾ ಹಚ್ಚೂದ್ರಾಗ ಬರ್ತಿದ್ಲು. ಈಗ ದೀಪಾ ಹಚ್ಚಿದ ಮ್ಯಾಲ ಬರ್ತಾಳ” ಎಂದರು. ತಡವಾಗುತ್ತಿದೆ ಎಂದು ಅವ್ವ ತಕ್ಷಣ ಗಾಬರಿಯಾದಳು. ಸಮಾಲೋಚಕಿ ಗೋಡೆಯ ಕ್ಯಾಲೆಂಡರ್ ತೆಗೆಸಿದರು. ಮುಂಬಯಿಯಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು 6.35ರ ಆಚೆ, ನವೆಂಬರ್ ಕೊನೆಗೆ ಸರಿಸುಮಾರು 6ಕ್ಕೆ. ಹುಡುಗಿ ಎರಡೂ ತಿಂಗಳು 6.15ಕ್ಕೇ ಬಂದಿದ್ದರೂ ಆಯಿಯ ಲೆಕ್ಕದಲ್ಲಿ ಮೊದಲು ದೀಪದ ಮುಂಚೆ, ಈಗ ದೀಪದ ನಂತರ. ಆಯಿ ಸುಳ್ಳು ಹೇಳಿರಲಿಲ್ಲ, ಅವರ ಗಡಿಯಾರವೇ ಸೂರ್ಯನ ಜೊತೆ ಸರಿದಿತ್ತು.

ಹಾಗಾದರೆ ಸರಿಯದ ಗುರುತು ಬೇಕು. ಆಯಿ ನೋಡುವ ಧಾರಾವಾಹಿ 6.30ಕ್ಕೆ ಶುರು. ಅದು ಶುರುವಾಗುವ ಮುಂಚೆ ಬರುತ್ತಾಳೋ ನಂತರವೋ ಎಂದು ಕೇಳಿದಾಗ ಆಯಿ ಯೋಚಿಸಿ, ಈಗೀಗ ಮೊದಲನೇ ಜಾಹೀರಾತು ಮುಗಿದ ಮೇಲೆ ಬರುತ್ತಾಳೆ ಎಂದರು. ಅಂದರೆ 6.40. ಹದಿನೈದು ನಿಮಿಷದ ದಾರಿಗೆ ನಲವತ್ತು ನಿಮಿಷ.

ಅದರ ಜೊತೆಗೇ ಶನಿವಾರದ ಒಗಟೂ ಬಿಚ್ಚಿಕೊಂಡಿತು. ಶನಿವಾರ ನೋಯುವುದಿಲ್ಲ ಎಂಬುದು ತಂದೆತಾಯಿಗೆ ನಾಟಕದ ಪುರಾವೆಯಾಗಿತ್ತು. ಅದೇ ದಾರಿ, ಅದೇ ಬ್ಯಾಗು, ಬೇರೆಯಾದದ್ದು ಬೆಳಕು ಮಾತ್ರ. ಕತ್ತಲಾದ ಮೇಲೆ ಆ ದಾರಿಯಲ್ಲಿ ಏನೋ ಇದೆ ಎಂಬುದಕ್ಕೆ ಅದೇ ಪುರಾವೆ.

ಇಪ್ಪತ್ತು ಹೆಜ್ಜೆ ಹಿಂದೆ

ಮೊದಲ ದಿನ ಸಮಾಲೋಚಕಿ ಪುಟ್ಟಿಯ ಕೈ ಹಿಡಿದು ಜೊತೆಗೆ ನಡೆದರು. ಮಾರ್ಕೆಟ್ ದಾಟಿ, ನಾಲೆಯ ಪಕ್ಕದ ಗಲ್ಲಿ ಹಿಡಿದು, 15 ನಿಮಿಷಕ್ಕೆ ಚಾಳು. ಏನೂ ಆಗಲಿಲ್ಲ. ದೊಡ್ಡವರು ಪಕ್ಕದಲ್ಲಿದ್ದರೆ ದಾರಿ ಬೇರೆಯದೇ ಆಗುತ್ತದೆ: ಪುಂಡರು ಸುಮ್ಮನಿರುತ್ತಾರೆ, ನಾಯಿ ಏಳುವುದಿಲ್ಲ, ಮಗು ನಮ್ಮ ದಾರಿಯಲ್ಲಿ ನಮ್ಮ ಹಿಂದೆ ಬರುತ್ತದೆ. ಈ ಒಂದು ದಿನದ ಮೇಲೆ ಪ್ರಕರಣ ಮುಚ್ಚಿದ್ದರೆ ಮುಂದಿನದು ಏನೂ ತಿಳಿಯುತ್ತಿರಲಿಲ್ಲ.

ಮರುದಿನ ಮಾತು ಬದಲಾಯಿತು. “ನೀನು ದಿನಾ ಹೆಂಗ ಹೋಗ್ತೀ ಹಂಗ ಹೋಗು. ನಾ ಇಪ್ಪತ್ತು ಹೆಜ್ಜಿ ಹಿಂದ ಬರ್ತೀನಿ, ಮಾತಾಡಂಗಿಲ್ಲ.” ಅದೇ 6 ಗಂಟೆ, ಅದೇ ಬ್ಯಾಗು. ಮಾರ್ಕೆಟ್ ತನಕ ಪುಟ್ಟಿ ಸರಸರ ನಡೆದಳು. ನಾಲೆಯ ಗಲ್ಲಿಯ ಬಾಯಿಗೆ ಬಂದವಳು ಹಿಂತಿರುಗಿ ನೋಡಿದಳು, ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು, ಗಲ್ಲಿಗೆ ತಿರುಗದೆ ನೇರ ಹೆದ್ದಾರಿಯ ಕಡೆ ಹೋದಳು. ಫ್ಲೈಓವರ್ ಕೆಳಗಿನ ಸಿಗ್ನಲ್ ದಾಟಿ, ಆಚೆ ಬದಿಯ ಫುಟ್‌ಪಾತ್ ಹಿಡಿದು, ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಈಚೆ ದಾಟಿ ಚಾಳಿನ ಹಿಂಬಾಗಿಲಿಗೆ ಬಂದಳು. ನೇರ ದಾರಿ 850 ಮೀಟರ್, ಇದು 1.7 ಕಿಲೊಮೀಟರ್. ಹತ್ತು ವರ್ಷದೊಳಗಿನ ಮಕ್ಕಳಿಗೆ ಬರುತ್ತಿರುವ ಗಾಡಿಯ ವೇಗ ಅಂದಾಜು ಮಾಡಲು ಚೆನ್ನಾಗಿ ಬರುವುದಿಲ್ಲ. ಅಂಥ ಹೆದ್ದಾರಿಯನ್ನು ಈ ಮಗು ಮೂರು ವಾರದಿಂದ ಸಂಜೆಗತ್ತಲಲ್ಲಿ ದಿನಕ್ಕೆ ಎರಡು ಸಲ ದಾಟುತ್ತಿತ್ತು.

ಕಾಲು ನೋಯುತ್ತದೆ ಎಂಬುದು ಅಕ್ಷರಶಃ ನಿಜವಾಗಿತ್ತು. 4.3 ಕಿಲೊ ಹೊತ್ತು, ಗಿಡ್ಡ ಬೂಟಿನಲ್ಲಿ, ಎರಡರಷ್ಟು ದಾರಿ.

ಮನೆ ಮುಟ್ಟಿದ ಮೇಲೆ ಸಮಾಲೋಚಕಿ ಗಲ್ಲಿಯ ಸುದ್ದಿ ಎತ್ತಲಿಲ್ಲ. ಕಾಗದ ಕೊಟ್ಟು ದಾರಿ ಬರೆಯಲು ಹೇಳಿದರು. ದಾರಿಯಲ್ಲಿ ನಿನಗೆ ಚಲೋ ಅನಿಸುವ ಜಾಗ ಯಾವುದು ಎಂದು ಮೊದಲು ಕೇಳಿದರು. ಹೂವಿನ ಅಂಗಡಿ ಎಂದಳು. ಎಲ್ಲಿ ಜೋರಾಗಿ ನಡೀತೀ? ಸಿಗ್ನಲ್‌ನಲ್ಲಿ. ಎಲ್ಲಿ ಹೋಗಂಗಿಲ್ಲ? ಪುಟ್ಟಿ ಗಲ್ಲಿಯ ನಡುವೆ ಒಂದು ಟೆಂಪೊ ಬರೆದಳು, ಅದರ ಕೆಳಗೆ ಐದು ಸಣ್ಣ ಚುಕ್ಕೆ.

ಗಲ್ಲಿಯಲ್ಲಿ ಇದ್ದದ್ದು

ಚುಕ್ಕೆಗಳು ನಾಯಿಮರಿಗಳು. ನಮ್ಮ ಕಡೆಯ ಬೀದಿ ನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಮರಿ ಹಾಕುತ್ತವೆ. ಕೆಟ್ಟು ನಿಂತ ಟೆಂಪೊದ ಕೆಳಗೆ ಒಂದು ತಾಯಿ ಬೀಡು ಬಿಟ್ಟಿತ್ತು. ಟೆಂಪೊಗೂ ನಾಲೆಯ ಗೋಡೆಗೂ ನಡುವೆ ಜಾಗ 3 ಅಡಿ. ಮರಿಯಿರುವ ತಾಯಿಯಿಂದ ದೂರ ಸರಿದು ಹೋಗಲು ಯಾರಿಗೂ ದಾರಿಯೇ ಇರಲಿಲ್ಲ. ಗಲ್ಲಿಯ ಕೊನೆಯ ಚಿಕನ್ ಅಂಗಡಿಯವನು ಸಂಜೆ 6ರ ಸುಮಾರಿಗೆ ಕಸದ ಡ್ರಮ್ಮನ್ನು ಮುಚ್ಚಳವಿಲ್ಲದೆ ಹೊರಗಿಡುತ್ತಿದ್ದ, ಅದಕ್ಕೆ ಇತರ ನಾಯಿಗಳೂ ನೆರೆಯುತ್ತಿದ್ದವು. ನಡುವಿನ ಕಂಬದ ದೀಪ ಮಳೆಗಾಲದಿಂದಲೇ ಹೋಗಿತ್ತು. ಯಾರೂ ದೂರು ಕೊಟ್ಟಿರಲಿಲ್ಲ, ದೊಡ್ಡವರೆಲ್ಲರ ಕೈಯಲ್ಲಿ ಮೊಬೈಲ್ ಟಾರ್ಚ್ ಇದ್ದುದರಿಂದ. ಪುಟ್ಟಿಯ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಸಮಾಲೋಚಕಿ ಕೊನೆಗೆ ಕೇಳಿದ ಪ್ರಶ್ನೆ ಈ ಪ್ರಕರಣದ ಅತಿ ಮುಖ್ಯ ಪ್ರಶ್ನೆ. ಕಚ್ಚಿತೇ ಎಂದು ಕೇಳಲಿಲ್ಲ. ಅದರ ಹಲ್ಲು, ಉಗುರು, ನಾಲಿಗೆ ಯಾವುದಾದರೂ ನಿನಗೆ ಮುಟ್ಟಿದ್ದುಂಟೇ ಎಂದು ಒಂದೊಂದಾಗಿ ಕೇಳಿದರು. ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕಾಲುಚೀಲ ಕೆಳಗೆ ಸರಿಸಿದಳು. ಮೀನಖಂಡದ ಮೇಲೆ ಎರಡು ಒಣಗಿದ ಗೀರು. “ಕಡದಿಲ್ಲ, ಉಗುರ ಹತ್ಯಾವ. ರಕ್ತ ಬಂದಿಲ್ಲ.” ಮೂರು ವಾರದ ಹಿಂದಿನದು. ಅವ್ವನಿಗೆ ಹೇಳಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಕೊಡಿಸುತ್ತಾರೆ ಎಂದು ಚಾಳಿನ ಹುಡುಗರು ಹೆದರಿಸಿದ್ದರು. ಆ ಹಳೆಯ ಲಸಿಕೆಯ ತಯಾರಿಕೆ ದೇಶದಲ್ಲಿ 2004ರ ಕೊನೆಗೆ ನಿಂತಿತು. ಇಪ್ಪತ್ತು ವರ್ಷ ಕಳೆದರೂ ಅದರ ಭಯ ಮಕ್ಕಳ ಬಾಯಲ್ಲಿ ಉಳಿದಿದೆ.

ಅಂದು ರಾತ್ರಿಯೇ ಪಾಲಿಕೆಯ ಆಸ್ಪತ್ರೆ. ಅಪ್ಪನ ವಾದ ಹೀಗಿತ್ತು: ನಾಯಿ ಇಂದಿಗೂ ಬದುಕಿದೆ, ಮರಿಗೆ ಹಾಲು ಕೊಡುತ್ತಿದೆ, ಹಾಗಾದರೆ ಹುಚ್ಚು ಇರಲಿಲ್ಲ. ಲೆಕ್ಕ ತಪ್ಪಲ್ಲ. ಗಾಯ ಮಾಡಿದ ನಾಯಿ 10 ದಿನ ಆರೋಗ್ಯವಾಗಿ ಬದುಕಿದ್ದರೆ ಆಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದರ್ಥ. ಆದರೆ ಪುಟ್ಟಿ ಹೇಳಿದ ಒಂದು ಮಾತು ಅಡ್ಡ ಬಂತು: “ಅದರ ಕಿವಿ ಕಟ್ ಆಗಿತ್ತು.” ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಬಿಟ್ಟ ಬೀದಿ ನಾಯಿಗೆ ಗುರುತಿಗೆಂದು ಕಿವಿಯ ಅಂಚು ಕತ್ತರಿಸಿರುತ್ತಾರೆ. ಅಂಥ ನಾಯಿ ಮರಿ ಹಾಕುವುದಿಲ್ಲ. ಟೆಂಪೊದ ಕೆಳಗಿನ ತಾಯಿಯ ಎರಡೂ ಕಿವಿ ಪೂರ್ತಿ ಇದ್ದವು. ಗೀರಿದ್ದು ಡ್ರಮ್ಮಿಗೆ ಬಂದ ಬೇರೆ ನಾಯಿ, ಅದು ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಕಿವಿ ಕತ್ತರಿಸಿದ ನಾಯಿಗೆ ಆಗ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ, ಆದರೆ ಅದು ಎಷ್ಟು ವರ್ಷದ ಹಿಂದೆ ಎಂದು ಕಿವಿ ಹೇಳುವುದಿಲ್ಲ. ಡಾಕ್ಟರ್ ಲಸಿಕೆ ಶುರು ಮಾಡಿದರು.

ತಡವಾಯಿತೆಂದು ಬಿಡುವಂತಿಲ್ಲ. ವಾರಗಳ ನಂತರ ಬಂದರೂ ಇಂದೇ ಗಾಯವಾದಂತೆ ಮೊದಲಿನಿಂದ ಕೊಡಬೇಕು. ಚರ್ಮದೊಳಗೆ, ಎರಡು ತೋಳಿಗೆ 0.1 ಮಿಲಿಲೀಟರಿನಂತೆ, ಮೊದಲ ದಿನ, ಆಮೇಲೆ ಆ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೆಯ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕಾಗುತ್ತಿತ್ತು. ಗಾಯವಾದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ, ಇಲ್ಲಿ ಅದು ತಪ್ಪಿಹೋಗಿತ್ತು. ಜನ ಸಾಮಾನ್ಯವಾಗಿ ಮರೆಯುವುದು 28ನೆಯ ದಿನವನ್ನು. ಅವ್ವ ನಾಲ್ಕೂ ದಿನವನ್ನು ಕ್ಯಾಲೆಂಡರಿನಲ್ಲಿ ಕುಂಕುಮ ಹಚ್ಚಿ ಗುರುತು ಮಾಡಿದಳು.

ದಾರಿ ಸರಿಮಾಡಿದ್ದು

ಅಪ್ಪ ಮೊದಲು ಹೇಳಿದ ಉಪಾಯ ಕಲ್ಲು. ಮರುದಿನ ಚಾಳಿನ ಹುಡುಗರು ಕಲ್ಲು ಹೊಡೆದೂ ಬಂದರು. ತಾಯಿನಾಯಿ ಅಂದಿನಿಂದ ಹೆಜ್ಜೆ ಸಪ್ಪಳಕ್ಕೇ ಎದ್ದು ಬೊಗಳತೊಡಗಿತು. ಎರಡನೆಯ ಉಪಾಯ ನಾಯಿಯನ್ನು ಹಿಡಿಸಿ ದೂರ ಬಿಡಿಸುವುದು. ಅದಾಗದು: 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಶಸ್ತ್ರಚಿಕಿತ್ಸೆ ಮಾಡಿದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಹಾಲೂಡಿಸುವ ತಾಯಿಯನ್ನು ಆಗಲೇ ಒಯ್ದರೆ ಮರಿಗಳೂ ಉಳಿಯುವುದಿಲ್ಲ.

ಆದ ಕೆಲಸ ಸಣ್ಣ ಸಣ್ಣವು. ಚಿಕನ್ ಅಂಗಡಿಯವನ ಹತ್ತಿರ ಜಗಳ ತೆಗೆಯದೆ, ಡ್ರಮ್ಮಿಗೆ ಮುಚ್ಚಳ ಹಾಕಿ ಹೊರಗಿಡುವುದನ್ನು ಏಳರ ನಂತರಕ್ಕೆ ಸರಿಸಿ ಎಂದು ಕೇಳಲಾಯಿತು. ಮಗುವಿನ ಗೀರಿನ ವಿಷಯ ತಿಳಿದ ಮೇಲೆ ಅವನು ಎದುರಾಡಲಿಲ್ಲ. ನಾಯಿಗೆ ಅನ್ನ ಹಾಕುವ ಮರಾಠಿ ತಾಯಿಯೊಬ್ಬರು ತಟ್ಟೆಯನ್ನು ಟೆಂಪೊದ ಗೋಡೆ ಬದಿಯಿಂದ ಹಿಂಬದಿಗೆ ಸರಿಸಿದರು. ನಾಯಿ ಆ ಕಡೆಗೆ ಮುಖ ಮಾಡಿ ಮಲಗತೊಡಗಿದ್ದು ಇದರ ನಂತರ. ದೀಪದ ದೂರು ಮೊದಲ ಸಲ ‘ನಾಲೆಯ ಗಲ್ಲಿ, ದೀಪ ಇಲ್ಲ’ ಎಂದು ಹೋಗಿ ಹಾಗೇ ಬಿದ್ದಿತ್ತು. ಕಂಬದ ಮೇಲೆ ಬರೆದಿದ್ದ ಸಂಖ್ಯೆ ಸೇರಿಸಿ ಕೊಟ್ಟಾಗ ನಾಲ್ಕನೆಯ ದಿನ ದೀಪ ಉರಿಯಿತು. ಟೆಂಪೊ ತೆಗೆಸಲು ಪಾಲಿಕೆಯ 1916ಕ್ಕೆ ಫೋನ್ ಹೋಯಿತು, ಆದರೆ ಟೆಂಪೊ ಇನ್ನೂ ಅಲ್ಲೇ ಇದೆ.

ಇವೆಲ್ಲ ಆಗುವವರೆಗೂ ಪುಟ್ಟಿ ಹೆದ್ದಾರಿ ದಾಟಬಾರದಿತ್ತು. ಅದೇ ಸಾಲಿನಲ್ಲಿ ಮನೆಯಿರುವ ಮೂವರು ಮಕ್ಕಳನ್ನು ಜೊತೆ ಮಾಡಿ, ಏಳನೆಯ ತರಗತಿಯ ಹುಡುಗಿಯನ್ನು ಮುಂದೆ ನಿಲ್ಲಿಸಿ ನಾಲ್ವರ ಗುಂಪು ಕಟ್ಟಲಾಯಿತು. ಮೊದಲ ವಾರ ಒಬ್ಬೊಬ್ಬ ತಾಯಿ ಒಂದೊಂದು ದಿನ ಗಲ್ಲಿಯ ಬಾಯಿಯಲ್ಲಿ ನಿಂತರು. ನಾಯಿ ಬಂದರೆ ಏನು ಮಾಡಬೇಕೆಂಬುದನ್ನು ಶಾಲೆಯ ಅಂಗಳದಲ್ಲಿ ಮಾಡಿಸಿಯೇ ಕಲಿಸಿದರು: ಓಡಬಾರದು, ಕಿರುಚಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಬ್ಯಾಗನ್ನು ಮುಂದಕ್ಕೆ ತಂದು ಕಂಬದಂತೆ ನಿಲ್ಲಬೇಕು, ನಾಯಿ ಸುಮ್ಮನಾದ ಮೇಲೆ ಬೆನ್ನು ತೋರಿಸದೆ ಹೆಜ್ಜೆ ಹೆಜ್ಜೆ ಹಿಂದೆ ಸರಿಯಬೇಕು. ಬಾಯಲ್ಲಿ ಹೇಳಿದರೆ ಸಾಲದು, ಹೆದರಿದ ಮಗುವಿನ ಕಾಲು ಓಡಿಯೇ ಓಡುತ್ತದೆ. ಒಬ್ಬರು ನಾಯಿಯಂತೆ ಬೊಗಳಿ ಮೇಲೆ ಬಂದು ಹತ್ತು ಸಲ ಮಾಡಿಸಿದ ಮೇಲೆ ಪುಟ್ಟಿಯ ಕಾಲು ನಿಂತಿತು.

ಅಪ್ಪ ತಾನಾಗಿ ಒಂದು ಕೆಲಸ ಮಾಡಿದ. ಎರಡನೆಯ ಇಂಜೆಕ್ಷನ್ ದಿನ ರಜೆ ಹಾಕಿ ಜೊತೆಗೆ ಹೋಗಿ, “ನಿನ್ನ ಎಲ್ಲಿಗೂ ಕಳಸಂಗಿಲ್ಲ” ಎಂದು ಹೇಳಿದ. ಆಮೇಲೆ ಪುಟ್ಟಿ ಸಿಗ್ನಲ್‌ನಲ್ಲಿ ಒಮ್ಮೆ ಬೈಕೊಂದು ತನಗೆ ತಾಗಿಕೊಂಡು ಹೋದದ್ದನ್ನೂ ಹೇಳಿದಳು.

ಜನವರಿಯ ಮೂರನೆಯ ವಾರಕ್ಕೆ ಮಕ್ಕಳು ಗಲ್ಲಿಯಲ್ಲೇ ಬರುತ್ತಿದ್ದರು, 17 ನಿಮಿಷಕ್ಕೆ ಮನೆ. ಆ ಹೊತ್ತಿಗೆ ಸೂರ್ಯಾಸ್ತವೂ 6.20 ದಾಟಿತ್ತು, ಮರಿಗಳು ಟೆಂಪೊ ಬಿಟ್ಟು ಓಡಾಡತೊಡಗಿದ್ದವು. ಹೀಗಾಗಿ ಯಾವ ಕೆಲಸದಿಂದ ಎಷ್ಟು ಗುಣವಾಯಿತು ಎಂದು ಬಿಡಿಸಿ ಹೇಳಲಾಗದು. ಕಾಲು ನೋವು ಮಾತ್ರ ಹೆದ್ದಾರಿ ಬಿಟ್ಟ ವಾರದಲ್ಲೇ ನಿಂತಿತ್ತು.

ಇಂಥ ದೂರು ಬಂದಾಗ ಎರಡು ವಾರ ಯಾವ ದಿನ ಬಂತು, ಯಾವ ದಿನ ಬರಲಿಲ್ಲ ಎಂದು ಬರೆದಿಡುವುದು ಉಪಯೋಗಕ್ಕೆ ಬರುತ್ತದೆ. ದೂರು ಬಾರದ ದಿನವೇ ಹೆಚ್ಚು ಹೇಳುತ್ತದೆ. ಮಗು ಮನೆ ಮುಟ್ಟಿದ ಹೊತ್ತನ್ನು ಬೆಳಕಿನ ಮೇಲೆ ಹೇಳಬಾರದು, ಗಡಿಯಾರದ ಮೇಲೆ ಹೇಳಬೇಕು. ಈ ಶಾಲೆಯ ಪಟ್ಟಿಯಲ್ಲಿ ಈಗ ‘ಎದುರುಗೊಳ್ಳುವವರು’ ಎಂಬ ಕಾಲಂ ಪಕ್ಕದಲ್ಲಿ ಆ ವ್ಯಕ್ತಿ ಎಲ್ಲಿ ನಿಲ್ಲುತ್ತಾರೆ, ಗೇಟಿನಲ್ಲೋ ಮನೆಯಲ್ಲೋ ಎಂಬ ಇನ್ನೊಂದು ಕಾಲಂ ಇದೆ.

ಜೂನ್‌ನಲ್ಲಿ ಪುಟ್ಟಿ ಐದನೆಯ ತರಗತಿಗೆ, ಬೆಳಗಿನ ಪಾಳಿಗೆ ಬಂದಳು. ಅದೇ ದಾರಿ, ಆದರೆ ಆ ಹೊತ್ತಿಗೆ ಮಾರ್ಕೆಟ್‌ನಲ್ಲಿ ತರಕಾರಿ ಟೆಂಪೊಗಳು ಹಿಂದಕ್ಕೆ ಬರುತ್ತಾ ಮಾಲು ಇಳಿಸುತ್ತಿರುತ್ತವೆ, ನಾಲೆ ಮಳೆಯಿಂದ ತುಂಬಿರುತ್ತದೆ. ಮೊದಲ ವಾರ ಅವ್ವ ಕೆಲಸಕ್ಕೆ ಅರ್ಧ ತಾಸು ತಡವಾಗಿ ಬರುತ್ತೇನೆಂದು ಹೇಳಿ, ಕೊಡೆ ಹಿಡಿದು, ಮಗಳ ಇಪ್ಪತ್ತು ಹೆಜ್ಜೆ ಹಿಂದೆ ನಡೆದಳು.